ತಗ್ಗುದನಿಯ ಸಾಲು

ಸೆಪ್ಟೆಂಬರ್ 9, ಶನಿವಾರ

ಮಗನ ತಲೆ ಒಡೆದಿದ್ದಾರೆ. ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ತಿರ ಯಾರ ಕೊಡ ಮುಂದೆ ಎಂಬ ಮಾತಿಗೆ ನಮ್ಮ ಕಡೆಯ ಹುಡುಗರಿಗೂ ಕಾಲುವೆಯಾಚೆಯ ಹುಡುಗರಿಗೂ ಹತ್ತಿಕೊಂಡಿತಂತೆ. ಯಾವನೋ ಕಬ್ಬಿಣದ ಸಲಾಕಿ ಬೀಸಿದನಂತೆ. ಗೋದಾಮಿನಲ್ಲಿ ಮೂಟೆ ಹೊತ್ತು ಬೆಳೆದ ಮೈ ನನ್ನ ಮಗನದು. ಬಿದ್ದವನು ಎದ್ದು ಇಬ್ಬರನ್ನು ಕೆಡವಿದನಂತೆ. ಅದನ್ನು ಹೇಳುವಾಗ ಮುಖದಲ್ಲಿ ನೋವಿಗಿಂತ ಹೆಮ್ಮೆಯೇ ಹೆಚ್ಚು ಕಂಡಿತು. ಹುಬ್ಬಿನಿಂದ ಕಿವಿಯವರೆಗೆ ಹೊಲಿಗೆ ಹಾಕಿದ್ದಾರೆ. ಅಂಗಿಯನ್ನು ತಣ್ಣೀರಿನಲ್ಲಿ ನೆನೆಸಿಟ್ಟಿದ್ದೇನೆ. ಬಿಸಿನೀರು ಹಾಕಿದರೆ ರಕ್ತದ ಕಲೆ ಕೂತುಬಿಡುತ್ತದೆ.

ಒಂದು ಕಡೆ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರ ಶಾಲೆಯ ಮೇಷ್ಟ್ರು ಅಳುವ ಮಕ್ಕಳ ಕೈಗೆ ಬಳಪ ಕೊಟ್ಟು ಕೂರಿಸುತ್ತಿದ್ದರು. ಅಕ್ಷರ ನೆಟ್ಟಗಾದರೆ ಉಸಿರೂ ನೆಟ್ಟಗಾಗುತ್ತದೆ ಎನ್ನುತ್ತಿದ್ದರು.

ಮಧ್ಯಾಹ್ನ ಸೂಜಿ ಅಂಗಡಿ ಮುಚ್ಚಿ ಓಡಿ ಬಂದಳು. ನಮ್ಮ ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಮನೆ ಕಾಲುವೆಯಾಚೆ. ಮೈ ತೆಳ್ಳಗೆ, ಮಾತು ಚೂಪು, ಅದಕ್ಕೇ ಆ ಹೆಸರು ಬಿದ್ದಿದೆ. ನನಗಿಂತ ಐದಾರು ವರ್ಷ ಚಿಕ್ಕವಳು. ಪ್ರಾರ್ಥನಾ ಮಂದಿರದಲ್ಲಿ ನಾನು ಮುಂದೆ ನಿಂತು ಹಾಡುತ್ತೇನೆ, ಅವಳು ನನ್ನ ಹಿಂದೆ ನಿಂತು ದನಿ ಸೇರಿಸುತ್ತಾಳೆ. ನನ್ನ ಮಗ ತೊದಲು ಮಾತಾಡುವಾಗಿನಿಂದ ಹೀಗೇ ನಡೆದಿದೆ.

ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆ ನೋಡಿದಳು. “ಯಾವನೋ ಇದನ್ನ ಹೊಲಿದವನು? ಮೂಟೆ ಬಾಯಿ ಹೊಲಿದ ಹಾಗಿದೆ. ನನ್ನ ಹತ್ರ ಬಂದಿದ್ರೆ ಗುರುತೇ ಸಿಗದ ಹಾಗೆ ಹೊಲಿದುಕೊಡ್ತಿದ್ದೆ.”

“ನಗಿಸಬೇಡ ಚಿಕ್ಕಮ್ಮಾ, ಎಳೆಯುತ್ತೆ,” ಎಂದ.

“ಸಲಾಕಿ ಹಿಡಿದವನನ್ನ ಅವನ ತಾಯಿನೇ ಪೊರಕೇಲಿ ಬಾರಿಸಿದಾಳಂತೆ ಅಕ್ಕಾ. ಪೊರಕೆ ಮುರೀತಂತೆ, ಅವನು ಬಗ್ಗಲಿಲ್ಲವಂತೆ,” ಎಂದಳು ನನಗೆ.

ದೇವರೇ, ನನ್ನ ಮಗನ ಗಾಯ ಮಾಯಿಸು. ಆ ತಾಯಿಗೂ ಸಮಾಧಾನ ಕೊಡು.

ಸೆಪ್ಟೆಂಬರ್ 14, ಗುರುವಾರ

ನಮ್ಮ ಹಾಡನ್ನು ರೆಕಾರ್ಡ್ ಮಾಡಿಸಿಡಬೇಕೆಂದು ಮಂದಿರದ ಹಿರಿಯರು ವರ್ಷದಿಂದ ಹೇಳುತ್ತಿದ್ದರು. ಇವತ್ತು ಆಯಿತು. ಚಪ್ಪಲಿ ಅಂಗಡಿಯ ನೆಲಮಾಳಿಗೆಯಲ್ಲಿ ನನ್ನ ಮೈದುನನ ಸ್ಟುಡಿಯೋ ಇದೆ. ನನ್ನ ಗಂಡ ತೀರಿಕೊಂಡ ಮೇಲೆ ಆ ಕಡೆಯ ನೆಂಟರಲ್ಲಿ ನನ್ನನ್ನು ವಿಚಾರಿಸಿಕೊಳ್ಳುವವನು ಇವನೊಬ್ಬನೇ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದಾನೆ. ಒಳಗೆ ಮಾತಾಡಿದರೆ ನಮ್ಮ ಮಾತು ನಮಗೇ ವಾಪಸ್ ಬರುವುದಿಲ್ಲ.

ಇಬ್ಬರನ್ನೂ ಬೇರೆ ಬೇರೆ ಹಾಡಿಸುತ್ತೇನೆ, ಆಮೇಲೆ ಕೂಡಿಸುತ್ತೇನೆ ಎಂದ. ನಾನೇ ಬೇಡವೆಂದೆ. ಮಂದಿರದಲ್ಲಿ ನಿಲ್ಲುವ ಹಾಗೆಯೇ ಒಂದೇ ಮೈಕಿನ ಮುಂದೆ ನಿಂತೆವು, ನಾನು ಮುಂದೆ, ಸೂಜಿ ಎರಡು ಹೆಜ್ಜೆ ಹಿಂದೆ.

“ಅತ್ತಿಗೆ, ಮೈಕಿಗೆ ಅಷ್ಟು ಹತ್ತಿರ ಬೇಡ, ಅದೇನು ಓಡಿಹೋಗಲ್ಲ.”

“ಅಕ್ಕನಿಗೆ ಮೈಕ್ ಯಾಕಪ್ಪಾ? ಅವಳು ಕೆಮ್ಮಿದ್ರೆ ಸ್ಟೇಷನ್ನಲ್ಲಿ ರೈಲು ನಿಂತುಬಿಡುತ್ತೆ,” ಎಂದಳು ಸೂಜಿ. ನಗು ತಡೆಯಲಾರದೆ ಎರಡು ಸಲ ನಿಲ್ಲಿಸಬೇಕಾಯಿತು.

ಮೂರನೇ ಪದ್ಯದಲ್ಲಿ ‘ನಿನ್ನ ಹೆಸರ ಹೇಳುವಷ್ಟು ಉಸಿರ ಉಳಿಸು’ ಎಂಬ ಸಾಲು ಬರುತ್ತದೆ. ಅಲ್ಲಿ ನಾನು ದನಿಯನ್ನು ಪೂರಾ ತಗ್ಗಿಸುತ್ತೇನೆ. ಮಂದಿರದಲ್ಲಿ ಆ ಸಾಲು ಬಂದಾಗ ಕೇಳಿಸಿಕೊಳ್ಳುವುದಕ್ಕಾಗಿ ಎಲ್ಲರೂ ಉಸಿರು ಹಿಡಿಯುತ್ತಾರೆ, ಕೈಗೂಸುಗಳೂ ಸುಮ್ಮನಾಗುತ್ತವೆ. ನಿಮ್ಮ ಆ ಸಾಲು ಕೇಳಲಿಕ್ಕೇ ಬರುತ್ತೇವೆ ಎಂದು ಎಷ್ಟೋ ಜನ ನನ್ನ ಕೈಹಿಡಿದು ಹೇಳಿದ್ದಾರೆ. ಒಡವೆ ಎಂದು ನನ್ನಲ್ಲಿರುವುದು ಅದೊಂದೇ.

ಬರುವಾಗ ಸೇತುವೆಯ ಮೇಲೆ ಒಂದು ತರಕಾರಿ ಗಾಡಿ ಬೋರಲು ಬಿದ್ದಿತ್ತು. ಗಾಡಿಯವನನ್ನು ಅದರ ಚಕ್ರಕ್ಕೇ ಕಟ್ಟಿ ಹೊಡೆದಿದ್ದರಂತೆ. ಯಾವ ಕಡೆಯವನೋ ತಿಳಿಯಲಿಲ್ಲ. ಸೂಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಸೇತುವೆ ಮುಗಿಯುವವರೆಗೂ ಬಿಡಲಿಲ್ಲ.

ಸೆಪ್ಟೆಂಬರ್ 16, ಶನಿವಾರ

ಹಾಡು ಕೇಳಲು ನಾನೂ ಸೂಜಿಯೂ ಹೋಗಿದ್ದೆವು, ಮಗನೂ ಬಂದಿದ್ದ.

ಮೈದುನ ಮೊದಲು ಹಾಡಿದ್ದನ್ನು ಹಾಡಿದ ಹಾಗೆಯೇ ಕೇಳಿಸಿದ. ಏರುವ ಕಡೆ ಕಿವಿಗೆ ಹೊಡೆಯುತ್ತಿತ್ತು, ತಗ್ಗುವ ಕಡೆ ಏನೂ ಕೇಳುತ್ತಿರಲಿಲ್ಲ. “ಬಸ್ಸಲ್ಲಿ, ಅಡುಗೆಮನೇಲಿ ಕೇಳೋರಿಗೆ ಈ ತಗ್ಗು ಸಿಗಲ್ಲ ಅತ್ತಿಗೆ. ಅದಕ್ಕೆ ಕಂಪ್ರೆಸರ್ ಇದೆ,” ಎಂದು ಒಂದು ಕಬ್ಬಿಣದ ಪೆಟ್ಟಿಗೆ ತೋರಿಸಿದ. ಮುಂದುಗಡೆ ನಾಲ್ಕು ತಿರುಪು, ಒಂದು ಮುಳ್ಳು. “ದನಿ ಇಲ್ಲಿವರೆಗೆ ಬರಬಹುದು ಅಂತ ನಾನೊಂದು ಗೆರೆ ಹಾಕ್ತೀನಿ. ಗೆರೆ ದಾಟಿದ್ರೆ ಇದು ತಲೆ ಮೇಲೆ ಕೈಯಿಟ್ಟು ಅದುಮುತ್ತೆ. ಎಷ್ಟು ಅದುಮಿತು ಅಂತ ಮುಳ್ಳು ಹೇಳುತ್ತೆ. ಜೋರು ತಗ್ಗಿತಲ್ಲ, ಈಗ ಒಟ್ಟು ಹಾಡನ್ನ ಮೇಲೆತ್ತಬಹುದು. ಎತ್ತಿದ್ರೆ ತಳದಲ್ಲಿದ್ದ ಸಣ್ಣ ದನಿ ಮೇಲೆ ಬರುತ್ತೆ. ಹದವಾಗಿ ಮಾಡಿದ್ರೆ ಮಾಡಿದ್ದೇ ಗೊತ್ತಾಗಬಾರದು.”

ಮತ್ತೆ ಹಾಕಿದ. ನಿಜಕ್ಕೂ ಚೆನ್ನಾಗಿತ್ತು. ನನ್ನ ದನಿ ಎದುರಿಗೇ ಬಂದು ಕುಳಿತ ಹಾಗಿತ್ತು. ಮೂರನೇ ಪದ್ಯ ಬಂತು, ಆ ಸಾಲು ಬಂತು. ಕೇಳಿಸಿದ್ದು ಸೂಜಿಯ ದನಿ. ಸ್ಪಷ್ಟವಾಗಿ, ನೀರಿನ ಹಾಗೆ. ಅದರ ಪಕ್ಕದಲ್ಲಿ ಯಾರೋ ಉಸಿರು ಬಿಡುತ್ತಿದ್ದರು. ಅದು ನಾನು.

“ಇದೇನು ಅತ್ತಿಗೆ! ಇಲ್ಲಿ ನೀವು ಬರೀ ಗಾಳಿ. ಹಾಡ್ತಿರೋದು ಇವರು!” ಮೈದುನ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಸೂಜಿಯ ಮುಖ ಕೆಂಪಾಯಿತು. “ಅಕ್ಕ ಅಲ್ಲಿ ಎಷ್ಟು ಇಳೀತಾಳೆ ಅಂದ್ರೆ, ಹಾಡು ಬಿದ್ದುಹೋಗಬಾರದಲ್ಲ, ಅದಕ್ಕೆ ನಾನು ಹಿಡ್ಕೊಂಡಿರ್ತೀನಿ.”

“ಯಾವಾಗಿಂದ?” ಎಂದೆ.

“ಮೊದಲಿಂದಲೂ.”

ನಾನು ನಕ್ಕೆ. ಎಲ್ಲರೂ ನಕ್ಕರು. “ಅಮ್ಮಾ, ನಿನ್ನ ಒಡವೆ ಚಿಕ್ಕಮ್ಮನ ಕೊರಳಲ್ಲಿದೆ,” ಎಂದ ಮಗ. ಅದಕ್ಕೂ ನಕ್ಕೆ. ಹಾಡು ದೇವರದು, ಯಾರ ದನಿ ಎತ್ತಿ ಹಿಡಿದರೇನು.

ಮನೆಗೆ ಬಂದು ಪಾತ್ರೆ ತೊಳೆಯುವಾಗ ಒಂದು ಗಾಜಿನ ಲೋಟ ಕೈಜಾರಿ ಎದುರು ಗೋಡೆಗೆ ಬಡಿದು ಪುಡಿಯಾಯಿತು.

ಸೆಪ್ಟೆಂಬರ್ 20, ಬುಧವಾರ

ಮಗ ಮತ್ತು ಗೋದಾಮಿನ ಹುಡುಗರು ಕಾಲುವೆಯಾಚೆಯ ಸೈಕಲ್ ರಿಪೇರಿಯವನನ್ನು ಹಿಡಿದು ಅವನದೇ ಅಂಗಡಿಯ ಚೈನಿನಲ್ಲಿ ಹೊಡೆದಿದ್ದಾರೆ. ಸಂಜೆ ಬಂದು ಕೈ ತೊಳೆದುಕೊಳ್ಳುವಾಗ ಅವನೇ ಹೇಳಿದ.

“ಸಲಾಕಿ ಬೀಸಿದವನು ಇವನೇನಾ?”

“ಇವನಲ್ಲ. ಇವನೂ ಆ ಕಡೆಯವನೇ ತಾನೇ.”

ಹಾಗೆಲ್ಲ ಮಾಡಬಾರದು ಎಂದೆ. ಕಣ್ಣಿಗೆ ಬಿತ್ತು ಅಮ್ಮಾ, ಕಣ್ಣಿಗೆ ಹೊಡೀಬೇಕು ಅಂತ ಹೊಡೆದದ್ದಲ್ಲ ಎಂದ. ಊಟಕ್ಕೆ ಕುಳಿತಾಗ ತಟ್ಟೆ ತಳ್ಳಿ ಎದ್ದುಹೋದ. ಅಂಗಿ ನೆನೆಸಿಟ್ಟೆ.

ದೇವರೇ, ಹುಡುಗು ಬುದ್ಧಿ, ಕ್ಷಮಿಸು. ಆ ಕಣ್ಣನ್ನೂ ಉಳಿಸು, ಆಗುವುದಾದರೆ.

ಸೆಪ್ಟೆಂಬರ್ 23, ಶನಿವಾರ

ಗೋದಾಮಿನ ಯಜಮಾನರು ನಮ್ಮ ಮನೆಗೆ ಬಂದಿದ್ದರು! ಅಂಥವರು ಬಂದು ಕುಳಿತಿದ್ದಾರೆ, ಮನೆಯಲ್ಲಿ ಒಳ್ಳೆಯ ಕುರ್ಚಿಯಿಲ್ಲ. ಮಗನ ಫೋನಿನಲ್ಲಿ ನಮ್ಮ ಹಾಡು ಕೇಳಿದ್ದಾರೆ. ಕಾಲುವೆಯಾಚೆಯ ವಠಾರಗಳನ್ನೆಲ್ಲ ಕೆಡವಿಸಬೇಕೆಂದು ಮುಂದಿನ ತಿಂಗಳು ದೊಡ್ಡ ಮೆರವಣಿಗೆ ಮಾಡುತ್ತಾರಂತೆ. ಅದಕ್ಕೆ ಈ ಹಾಡು ಬೇಕು, ಡ್ರಮ್ ಸೇರಿಸಿ, ವ್ಯಾನಿನ ಮೇಲೆ ಹಾಕಲು.

“ಅಮ್ಮಾ, ನಿಮ್ಮ ಮಗನ ರಕ್ತ ಬಿದ್ದಿದೆ. ನಿಮ್ಮ ದನಿ ಊರಿಗೆ ಕೇಳಬೇಕೋ ಬೇಡವೋ, ನೀವೇ ಹೇಳಿ,” ಎಂದರು. “ಅದರಲ್ಲಿ ಒಂದು ಕಡೆ ಎದೆ ಝುಮ್ ಅನ್ನುತ್ತಲ್ಲ, ಮೂರನೇ ಪದ್ಯದಲ್ಲಿ, ಅಬ್ಬಾ!”

“ಅದು ಅಮ್ಮನ ದನಿ ಅಲ್ಲ, ಸೂಜಿ ಚಿಕ್ಕಮ್ಮಂದು,” ಎಂದ ಮಗ.

ಸೂಜಿ ಯಾರು, ಮನೆ ಎಲ್ಲಿ ಎಂದು ಕೇಳಿದರು. ಹೇಳಿದ. “ಹಾಗಾದ್ರೆ ಆಕೆ ಬೇಡ,” ಎಂದರು.

ಅವಳಿಲ್ಲದೆ ಹಾಡಿಲ್ಲ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಒಳಗೆ ಹೋದೆ. ಚಹಾ ತರುವಷ್ಟರಲ್ಲಿ ಮಾತು ಮುಗಿದಿತ್ತು.

ಸೆಪ್ಟೆಂಬರ್ 27, ಬುಧವಾರ

ಸ್ಟುಡಿಯೋ. ಹಳೆಯದರಿಂದ ಅವಳ ದನಿಯನ್ನಷ್ಟೇ ತೆಗೆದುಬಿಡು ಎಂದೆ. ಆಗಲ್ಲ ಅತ್ತಿಗೆ, ಒಂದೇ ಮೈಕಲ್ಲಿ ಹಿಟ್ಟು ನೀರು ಕಲಸಿದ ಹಾಗೆ ಕಲಸಿದ್ದೀವಿ ಎಂದ. ಹಾಗಾದರೆ ಮತ್ತೆ ಹಾಡುತ್ತೇನೆ, ಹಳೆಯದನ್ನು ಅಳಿಸಿಬಿಡು ಎಂದೆ. ಅವನು ಮೈಕ್ ಸರಿಮಾಡಿ ಗಾಜಿನಾಚೆ ಹೋದ.

ಒಬ್ಬಳೇ ಹಾಡಿದೆ. ಹಿಂದೆ ಯಾರೂ ಇಲ್ಲದೆ ನಿಂತರೆ ಬೆನ್ನು ತಣ್ಣಗಾಗುತ್ತದೆ, ಆ ಕೋಣೆಯಲ್ಲಿ ಫ್ಯಾನು ಹಾಗಿದೆ.

ಆ ಸಾಲು ಬಂದಾಗ ಮೈದುನ ಗಾಜಿನಾಚೆಯಿಂದ ಕೈಯೆತ್ತಿದ. “ಇಲ್ಲಿ ಏನೂ ಇಲ್ಲ ಅತ್ತಿಗೆ. ಮೇಲೆತ್ತಲಿಕ್ಕೆ ಕಂಪ್ರೆಸರಿಗೂ ಏನಾದ್ರೂ ಬೇಕಲ್ಲ? ಎತ್ತಿದ್ರೆ ಫ್ಯಾನಿನ ಸದ್ದು ಬರ್ತಿದೆ.”

ಸಿಟ್ಟು ಬಂತು. ಆ ಸಾಲನ್ನೂ ಉಳಿದ ಸಾಲುಗಳ ಹಾಗೆ ಎತ್ತಿ ಹಾಡಿದೆ. ನರ ಉಬ್ಬುವ ಹಾಗೆ ಹಾಡಿದೆ.

ಆಮೇಲೆ ಡ್ರಮ್ ಸೇರಿಸಿದ. ಅದರಲ್ಲಿಯೂ ಒಂದು ಉಪಾಯ ಇದೆ. ಕಂಪ್ರೆಸರ್ ಪೆಟ್ಟಿಗೆ ಚೂರು ತಡವಾಗಿ ಅದುಮುವಂತೆ ಮಾಡಿದರೆ ಏಟಿನ ಮೊದಲ ಚೂಪು ತಪ್ಪಿಸಿಕೊಂಡು ಹೊರಗೆ ಬರುತ್ತದೆ, ಬೆನ್ನಿಗೇ ಉಳಿದದ್ದು ಹಿಸುಕಿಹೋಗುತ್ತದೆ. ಕೇಳುವವರಿಗೆ ಎದೆಗೇ ಗುದ್ದಿದಂತೆ. ಒಂದು ಏಟಿಗೆ ನಾನು ಕುಳಿತಲ್ಲೇ ಹಿಂದಕ್ಕೆ ಸರಿದೆ. ಚೆನ್ನಾಗಿತ್ತು.

“ಸಾಕಾ?” ಎಂದ.

“ಇನ್ನೂ ಸ್ವಲ್ಪ ಅದುಮು.”

“ಮುಳ್ಳು ಮಲಗಿಬಿಟ್ಟಿದೆ, ನೋಡಿ. ಇದು ಏಳ್ತಾನೇ ಇಲ್ಲ. ಎಲ್ಲ ಒಂದೇ ಮಟ್ಟ ಆಯ್ತು. ಇನ್ನು ಹಿಸುಕಿದ್ರೆ ಇದು ಹಾಡಲ್ಲ, ಇಟ್ಟಿಗೆ.”

“ಇಟ್ಟಿಗೆನೇ ಆಗಲಿ.”

ಅವನು ನನ್ನ ಮುಖ ನೋಡಿದ. ತಿರುಪು ತಿರುಗಿಸಿದ.

ಸೆಪ್ಟೆಂಬರ್ 29, ಶುಕ್ರವಾರ

ಸೂಜಿ ಬಂದಳು. ಉಳಿದ ಹಾಡುಗಳ ರೆಕಾರ್ಡಿಂಗ್ ಯಾವಾಗ ಎಂದಳು. ಮಷೀನ್ ಕೆಟ್ಟಿದೆಯಂತೆ ಎಂದೆ.

“ಸೈಕಲ್ ರಿಪೇರಿಯವನ ಎಡಗಣ್ಣು ಹೋಯ್ತು ಅಕ್ಕಾ. ಸಲಾಕಿ ಹಿಡಿದವನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮಗನಿಗೆ ಸ್ವಲ್ಪ ಬುದ್ಧಿ ಹೇಳು, ನಿನ್ನ ಮಾತು ಕೇಳ್ತಾನೆ.”

“ನನ್ನ ಮಗನ ತಲೆ ಒಡೆದಾಗ ನಿಮ್ಮವರು ಯಾರೂ ಬುದ್ಧಿ ಹೇಳಲಿಲ್ಲವಲ್ಲ?”

“ನಮ್ಮವರಾ?” ಎಂದಳು. “ನಾನು ಅವತ್ತು ಇಲ್ಲೇ ಇದ್ದೆನಲ್ಲಕ್ಕಾ. ಅವನ ತಲೆ ನನ್ನ ಮಡಿಲಲ್ಲಿತ್ತು.”

ಮಾತಿಗೆ ಮಾತು ಕೊಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಚಹಾ ಕುಡಿಯದೆ ಹೋದಳು.

ಅಕ್ಟೋಬರ್ 2, ಸೋಮವಾರ

ವ್ಯಾನು ಬಂತು. ಮೇಲೆ ನಾಲ್ಕು ದಿಕ್ಕಿಗೂ ಸ್ಪೀಕರು. ನಮ್ಮ ಬೀದಿಗೆ ತಿರುಗಿದಾಗ ಅಡುಗೆಮನೆಯ ಡಬ್ಬಿಗಳು ಕುಣಿದವು. ನನ್ನ ದನಿ! ಯಾವ ಅಕ್ಷರವೂ ಕೆಳಗಿಲ್ಲ, ಯಾವುದೂ ನಾಚಿಕೊಂಡು ನಿಂತಿಲ್ಲ. ಪಕ್ಕದ ಮನೆಯವಳು ಬಾಗಿಲಿಗೆ ಬಂದು, “ಏನ್ ದನಿ ರೀ ನಿಮ್ಮದು, ಹೊಟ್ಟೆಯೊಳಗೆ ಕೈ ಹಾಕಿ ತಿರುವಿದ ಹಾಗಾಗುತ್ತೆ,” ಎಂದಳು. ಚಿಕ್ಕ ಮಕ್ಕಳು ಕೋಲು ಹಿಡಿದು ವ್ಯಾನಿನ ಹಿಂದೆ ಓಡುತ್ತಿದ್ದರು. ಐವತ್ತು ವರ್ಷ ನಾನು ಯಾರಿಗೂ ಅಡ್ಡ ಬಾರದಂತೆ ಗೋಡೆಗಂಟಿಕೊಂಡು ನಡೆದವಳು. ಇವತ್ತು ಬೀದಿಯ ನಡುವೆಯೇ ನಡೆದೆ.

ಟ್ಯಾಂಕಿನ ಹತ್ತಿರ ಆ ಕಡೆಯ ಹುಡುಗಿಯೊಬ್ಬಳು ನನ್ನ ಕೊಡ ಸರಿಸಿ ತನ್ನದನ್ನು ಇಟ್ಟಳು. ಕೆನ್ನೆಗೆ ಬಾರಿಸಿದೆ. ಕಿವಿಯ ಓಲೆ ಕಿತ್ತು ಬಿತ್ತು, ಸ್ವಲ್ಪ ರಕ್ತ ಬಂತು. ಹನ್ನೆರಡು ಹದಿಮೂರು ವಯಸ್ಸಿರಬಹುದು. ಅಳಲಿಲ್ಲ, ನೋಡುತ್ತ ನಿಂತಳು. ನನ್ನ ಕೊಡಕ್ಕೆ ಎಲ್ಲರೂ ಜಾಗ ಬಿಟ್ಟರು.

ಅಂಗೈ ಇನ್ನೂ ಬೆಚ್ಚಗಿದೆ. ದೇವರು ದೊಡ್ಡವನು.

ಅಕ್ಟೋಬರ್ 4, ಬುಧವಾರ

ಗಂಟಲು ಕಟ್ಟಿದೆ. ಬಿಸಿನೀರು, ಉಪ್ಪು. ವ್ಯಾನು ಮೂರು ಸಲ ಬಂದುಹೋಯಿತು. ಸೂಜಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕೂತು ಹೊಲಿಯುತ್ತಿದ್ದಳು. ನೋಡಿದೆ, ಅವಳೂ ನೋಡಿದಳು. ಹಾಡು ಕೇಳಿಸಿಕೊಂಡಿರುತ್ತಾಳೆ.

ಅಕ್ಟೋಬರ್ 7, ಶನಿವಾರ

ಮೆರವಣಿಗೆ ಆಯಿತು. ಇಷ್ಟು ಜನ ಸೇರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಸೇತುವೆಯಲ್ಲಿ ಪೊಲೀಸರು ತಡೆದರಂತೆ. ತಡೆದದ್ದಕ್ಕೆ ಜನ ನಮ್ಮ ಬೀದಿಗೇ ತಿರುಗಿತು. ನನ್ನನ್ನು ವ್ಯಾನಿನ ಮೇಲೆ ಕೂರಿಸಬೇಕೆಂದಿದ್ದರು. ಮಂಡಿನೋವಿಗೆ ಬರಲಾರೆ ಎಂದು ಮನೆಯಲ್ಲೇ ಇದ್ದೆ, ಬಾಗಿಲಿಗೆ ಚಿಲಕ ಹಾಕಿಕೊಂಡು. ಕಿಟಕಿಯಿಂದ ನೋಡಿದರೆ ಬರೀ ತಲೆಗಳು, ಕೋಲುಗಳು. ಎದುರು ಮನೆಯ ಕಿಟಕಿಗೆ ಕಲ್ಲು ಬಿತ್ತು. ಆ ಮನೆಯವರು ಯಾವ ಕಡೆಯವರೂ ಅಲ್ಲ. ಯಾರದೋ ಸ್ಕೂಟರನ್ನು ಅಂಗಾತ ಕೆಡವಿ ಬೆಂಕಿಯಿಟ್ಟರು. ಒಬ್ಬ ಮುದುಕನನ್ನು ಗಡ್ಡ ಹಿಡಿದು ಎಳೆದುಕೊಂಡು ಹೋದರು, ಅವನ ಒಂದು ಚಪ್ಪಲಿ ನಮ್ಮ ಮೆಟ್ಟಿಲ ಮೇಲೆ ಬಿತ್ತು.

ವ್ಯಾನು ಮುಂದೆ ಹೋಗಲಾರದೆ ನಮ್ಮ ಮನೆಯೆದುರೇ ಸಿಕ್ಕಿಕೊಂಡು ನಿಂತಿತು. ಹಾಡು ಮುಗಿದ ಕೂಡಲೇ ಮತ್ತೆ ಮೊದಲಿಂದ. ಮೈದುನ ಹೇಳಿದ್ದು ನಿಜ, ಅದರಲ್ಲಿ ಒಂದು ಸಂದೂ ಇಲ್ಲ. ಮೂರನೇ ಪದ್ಯ ಬಂದರೂ ಯಾರ ಕೈಯೂ ನಿಲ್ಲಲಿಲ್ಲ. ಎಲ್ಲಿ ಉಸಿರು ಹಿಡಿಯಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಮೂಲೆಯ ಕಡೆಯಿಂದ ಹೊಗೆ ಬಂತು. ಬಟ್ಟೆ ಸುಟ್ಟ ವಾಸನೆ.

ಆ ಸದ್ದಿನಲ್ಲಿ ಯಾರು ಬಾಗಿಲು ಬಡಿದರೂ ಕೇಳಿಸುವಂತಿರಲಿಲ್ಲ. ನನಗೆ ಕೇಳಿಸಲಿಲ್ಲ. ಮೊದಲು ಅಂಗೈಯಿಂದ ಬಡಿದಳು, ಆಮೇಲೆ ಮುಷ್ಟಿಯಿಂದ. ಚಿಲಕ ಅಲುಗುತ್ತಿತ್ತು. ಡ್ರಮ್ಮಿನ ಏಟಿಗೆ ಮನೆಯೆಲ್ಲ ಅಲುಗುತ್ತಿತ್ತಲ್ಲ, ಅದೇ ಇರಬೇಕೆಂದುಕೊಂಡೆ. ‘ಅಕ್ಕಾ’ ಎಂಬ ಪದ ಆ ಹಾಡಿನಲ್ಲಿಲ್ಲ, ಆದರೆ ಗುಂಪಿನಲ್ಲಿ ಜನ ಏನೇನೋ ಕೂಗುತ್ತಿರುತ್ತಾರೆ. ನಾನು ಬಾಗಿಲ ಹತ್ತಿರ ನಿಂತು ಪ್ರಾರ್ಥನೆ ಮಾಡುತ್ತಿದ್ದೆ. ಪ್ರಾರ್ಥನೆಯ ನಡುವೆ ಕದಲಬಾರದು.

ಆಮೇಲೆ ಬಾಗಿಲಿಗೆ ಏನೋ ಭಾರವಾದದ್ದು ಬಿದ್ದಂತಾಯಿತು. ಕೆಳಗಡೆಯಿಂದ ಎರಡು ಸಲ ಕೆರೆದಂತಾಯಿತು. ಆಮೇಲೆ ಚಿಲಕ ಅಲುಗುವುದು ನಿಂತಿತು.

ಅಕ್ಟೋಬರ್ 8, ಭಾನುವಾರ

ಪಕ್ಕದ ಮನೆಯವಳು ಹೇಳಿದಳು. ಸೂಜಿಯನ್ನು ನಮ್ಮ ಮೆಟ್ಟಿಲ ಮೇಲಿಂದಲೇ ಕಾಲು ಹಿಡಿದು ಎಳೆದುಕೊಂಡು ಹೋದರಂತೆ. ಅವಳ ಅಂಗಡಿಯ ಮುಂದೆ, ಅವಳ ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಹಿಡಿದು, ಹೊಲಿಗೆ ಯಂತ್ರವನ್ನೇ ಎತ್ತಿ ಹಾಕಿದರಂತೆ. ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೇನೂ ಇಲ್ಲವಂತೆ.

ಮಗ ಬೆಳಿಗ್ಗೆಯಿಂದ ಹೊರಗೆ ಹೋಗಿಲ್ಲ. ಮೂಲೆಯಲ್ಲಿ ಕೂತಿದ್ದಾನೆ. ಮಧ್ಯಾಹ್ನ ಒಂದೇ ಮಾತು ಅಂದ. “ಅಮ್ಮಾ, ಆ ಮಷೀನು ಎಷ್ಟು ಭಾರ ಗೊತ್ತಾ?”

ಊಟ ಮಾಡು ಎಂದೆ.

ಅವನ ಅಂಗಿಯಲ್ಲಿ ಎಣ್ಣೆಯ ಕಲೆ ಇದೆ, ಎದೆಯುದ್ದಕ್ಕೂ. ವ್ಯಾನಿನದಿರಬೇಕು. ತಣ್ಣೀರಿಗೂ ಹೋಗಲಿಲ್ಲ, ಬಿಸಿನೀರಿಗೂ ಹೋಗಲಿಲ್ಲ. ಸೋಡಾಪುಡಿ ಹಾಕಿ ಕುದಿಸಿದೆ, ಬಟ್ಟೆಯೇ ಹರಿಯಿತು. ಒಲೆಗೆ ಹಾಕಿದೆ.

ಅಕ್ಟೋಬರ್ 11, ಬುಧವಾರ

ಇಬ್ಬರು ಪೊಲೀಸರು ಬಂದಿದ್ದರು. ನಿಮ್ಮ ಬಾಗಿಲ ಮುಂದೆ ನಡೆದದ್ದು, ನಿಮಗೆ ಕೇಳಿಸಲಿಲ್ಲವೇ ಎಂದರು. ಹಾಡಿನ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದೆ. ಬರೆದುಕೊಂಡರು. ಒಬ್ಬ, ಚಿಕ್ಕವನು, “ಹಾಡು ನಿಮ್ಮದೇ ಅಲ್ವಾ ಅಮ್ಮಾ?” ಎಂದ. ದೇವರ ಹಾಡು ಯಾರದೂ ಅಲ್ಲಪ್ಪ ಎಂದೆ.

ಅಕ್ಟೋಬರ್ 15, ಭಾನುವಾರ

ಬೆಳಿಗ್ಗೆ ಮಂದಿರದಲ್ಲಿ ಹಾಡಿದೆ. ನನ್ನ ಹಿಂದಿನ ಜಾಗದಲ್ಲಿ ಯಾರೂ ನಿಲ್ಲಲಿಲ್ಲ. ಮೂರನೇ ಪದ್ಯವನ್ನೂ ಎತ್ತಿಯೇ ಹಾಡಿದೆ. ಗಂಟಲಿಗೆ ಅದೇ ರೂಢಿಯಾಗಿದೆ. ಒಂದು ಕೂಸು ಹೆದರಿ ಕಿರುಚಿತು. ಅದರ ತಾಯಿ ಎತ್ತಿಕೊಂಡು ಹೊರಗೆ ಹೋದಳು, ಹಾಡು ಮುಗಿದರೂ ಒಳಗೆ ಬರಲಿಲ್ಲ. ಈಗಿನವರಿಗೆ ಮಕ್ಕಳನ್ನು ಸಂಭಾಳಿಸಲು ಬರುವುದಿಲ್ಲ.

ಅಲ್ಲಿಂದ ಸ್ಟುಡಿಯೋಗೆ ಹೋದೆ. ಯಜಮಾನರಿಗೆ ಇನ್ನೊಂದು ಹಾಡು ಬೇಕಂತೆ, ರೈಲ್ವೆ ಹಳಿಯ ಪಕ್ಕದ ಗುಡಿಸಲುಗಳ ವಿಷಯಕ್ಕೆ. ಮೈದುನ ಕುಡಿದಿದ್ದ. ಕುಡಿಯುವವನಲ್ಲ ಅವನು.

“ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ.”

“ಯಾಕೋ? ಹಣ ಅವರು ಕೊಡ್ತಾರೆ.”

“ನಾನು ಹೇಳಲಿಲ್ವಾ? ಇನ್ನು ಹಿಸುಕಿದ್ರೆ ಹಾಡಲ್ಲ, ಇಟ್ಟಿಗೆ ಅಂತ ಹೇಳಲಿಲ್ವಾ? ಹೇಳಿದೆ. ಹೇಳ್ತಾ ಹೇಳ್ತಾ ತಿರುಪು ತಿರುಗಿಸಿದೆ!” ಎಂದು ಆ ಪೆಟ್ಟಿಗೆಯನ್ನು ವೈರು ಸಮೇತ ಕಿತ್ತು ನೆಲಕ್ಕೆ ಅಪ್ಪಳಿಸಿದ. ಸಾಲದೆ ಕುರ್ಚಿಯ ಕಾಲಿನಿಂದ ಜಜ್ಜಿದ. ಗಾಜು ಸಿಡಿದು ಅವನ ಮುಂಗೈ ಕೊಯ್ದಿತು. ಆ ರಕ್ತದ ಕೈಯಲ್ಲೇ ಬಾಗಿಲು ತೋರಿಸಿದ. ಚಪ್ಪಲಿ ಅಂಗಡಿಯವರು ಮೇಲಿಂದ ಇಣುಕಿ ನೋಡುತ್ತಿದ್ದರು, ನನಗೆ ತಲೆ ತಗ್ಗಿಸುವಂತಾಯಿತು.

ಅಷ್ಟು ಬೆಲೆಯ ಯಂತ್ರ. ಸಿಟ್ಟು ಒಳ್ಳೆಯದಲ್ಲ. ಅವನಿಗಾಗಿ ಪ್ರಾರ್ಥಿಸಿದೆ. ಯಜಮಾನರ ಪರಿಚಯದ ಬೇರೆ ಸ್ಟುಡಿಯೋ ಇದೆಯಂತೆ, ಅಲ್ಲಿ ಇನ್ನೂ ದೊಡ್ಡ ಪೆಟ್ಟಿಗೆ ಇದೆಯಂತೆ.

ಅಕ್ಟೋಬರ್ 22, ಭಾನುವಾರ

ಮಂದಿರದಿಂದ ಬಂದು ಸೀರೆ ಬದಲಿಸಿ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಹೊರಗೆ ಸೂಜಿ ನಿಂತಿದ್ದಳು, ಒಂದು ಚೀಲ ಹೆಗಲಿಗೆ ಹಾಕಿಕೊಂಡು. ಬಲಗೈ ಮೊಣಕೈಯವರೆಗೆ ಬಿಳಿ ಪಟ್ಟಿ, ಬೆರಳು ಇರಬೇಕಾದ ಕಡೆ ಚಪ್ಪಟೆಯಾಗಿತ್ತು. ತುಟಿ ಒಂದು ಕಡೆ ಹೊಲಿದಿದ್ದರು. ಕಾಲುವೆಯಾಚೆಯ ಮನೆ ಬಿಟ್ಟು ಅಣ್ಣನ ಊರಿಗೆ ಹೋಗುತ್ತಿದ್ದಾಳಂತೆ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದಳು.

ಒಳಗೆ ಬಾರೇ ಎಂದೆ. ಬರಲಿಲ್ಲ. ಮೆಟ್ಟಿಲ ಮೇಲೆಯೇ ನಿಂತಳು. ಒಳಕೋಣೆಯಿಂದ ಮಗ ಅವಳ ದನಿ ಕೇಳಿ ಹಿತ್ತಿಲ ಕಡೆಯಿಂದ ಹೊರಟುಹೋದ. ಅವಳು ಆ ಸದ್ದನ್ನು ಕೇಳಿಸಿಕೊಂಡಳು.

“ಕೇಳಿಸಲಿಲ್ಲ ಅಂದ್ರಂತೆ ಪೊಲೀಸರಿಗೆ.”

“ಹೌದು ಕಣೇ. ಆ ಹಾಡಿನ ಸದ್ದು ಹೇಗಿತ್ತು ಅಂದ್ರೆ ಮನೆಯೊಳಗೆ ನನ್ನ ಮಾತೇ ನನಗೆ ಕೇಳ್ತಿರಲಿಲ್ಲ. ಗೊತ್ತಾಗಿದ್ರೆ ತೆಗೀತಿರಲಿಲ್ವಾ? ನೀನು ನನ್ನ ಒಡಹುಟ್ಟಿದವಳ ಹಾಗೆ.”

“ಸದ್ದು ನನಗೂ ಗೊತ್ತು,” ಎಂದಳು. ನನ್ನನ್ನು ನೋಡಲಿಲ್ಲ, ಹೊಸ್ತಿಲನ್ನು ನೋಡುತ್ತಿದ್ದಳು. “ಬಡಿದು ಬಡಿದು ಕೊನೆಗೆ ಇಲ್ಲೇ ಬಿದ್ದೆ. ಕೆನ್ನೆ ನೆಲಕ್ಕೆ ಒತ್ತಿತ್ತು. ಬಾಗಿಲ ಕೆಳಗೆ ಇಷ್ಟು ಸಂದಿದೆಯಲ್ಲ, ಅಲ್ಲಿ ನಿಮ್ಮ ಪಾದ ಕಾಣ್ತಿತ್ತು. ಎರಡೂ. ಬಾಗಿಲ ಕಡೆಗೇ ತಿರುಗಿದ್ವು.”

ನಾನು ಏನೋ ಹೇಳಿದೆ. ಪ್ರಾರ್ಥನೆ ಎಂದೆನೇನೋ.

“ಬೆರಳು ತೂರಿಸಿ ಮುಟ್ಟಿದೆ. ನೀವು ಹಿಂದಕ್ಕೆ ಎಳ್ಕೊಂಡ್ರಿ.”

ಅಷ್ಟು ಹೇಳಿ ಹೋದಳು. ಇಷ್ಟು ವರ್ಷ ಏಕವಚನದಲ್ಲಿ ಮಾತಾಡಿಸುತ್ತಿದ್ದವಳು ಇವತ್ತು ನೀವು, ನಿಮ್ಮ ಎಂದಳು. ಪೆಟ್ಟು ತಿಂದ ಮೇಲೆ ಮರ್ಯಾದೆ ಕಲಿತಿದ್ದಾಳೆ. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಬಡಗಿಗೆ ಹೇಳಿ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಬಂದು ಬಾಗಿಲ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ನೆಲಕ್ಕೆ ತಾಗುವಂತೆ ಮರದ ಪಟ್ಟಿ ಹೊಡೆಯುತ್ತಾನೆ. ಚಳಿಗಾಲ ಬರುತ್ತಿದೆ. ಗಾಳಿ ನೇರ ಕಾಲಿಗೇ ಬಡಿಯುತ್ತದೆ, ಮಂಡಿನೋವಿನವಳಿಗೆ ಆಗುವುದಿಲ್ಲ.